ಅಜ್ಜಿ ಕುಣಿಯಲಿ, ನಗಬೇಡಿ

"ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ರಂತೆ." ಕಡೂರಾಗಲಿ, ತರೀಕೆರೆಯಾಗಲಿ, ಅಜ್ಜಂಪುರವಾಗಲಿ, ಈ ಮಾತು ಕೇಳದ ಬೀದಿ ಇದೆಯಾ ವೀಕ್ಷಕರೇ? ಬಿದ್ದಿದ್ದು ಒಂದೇ ಸಲ. ಸೊಂಟದ ಮೂಳೆ ಮುರೀತು. ನಿನ್ನೆವರೆಗೂ ತಾನೇ ಸಂತೆಗೆ ಹೋಗಿ ಬರ್ತಿದ್ದ ಜೀವ ಇವತ್ತು ಹಾಸಿಗೆ ಹಿಡೀತು. ನಾವು ಏನಂತೀವಿ? "ವಯಸ್ಸಾಯ್ತಲ್ಲ, ಬಿಡಿ." ಬಿಡೋ ವಿಷಯ ಅಲ್ಲ ಇದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ. ಅವರಲ್ಲಿ 60 ದಾಟಿದವರೇ ಹೆಚ್ಚು.

ಬೀಳೋದು ಯಾಕೆ? ನಾವು ನೆಟ್ಟಗೆ ನಿಲ್ಲಬೇಕಾದರೆ ಕಣ್ಣು, ಒಳಕಿವಿ, ಪಾದ ಮೂರೂ ಮೆದುಳಿಗೆ ಸುದ್ದಿ ಮುಟ್ಟಿಸುತ್ತಿರಬೇಕು. ತೊಡೆಯಲ್ಲಿ ಕಸುವಿರಬೇಕು. ವಯಸ್ಸಾದಂತೆ ಎರಡೂ ಕುಗ್ಗುತ್ತವೆ. ಒಮ್ಮೆ ಎಡವಿದವರು ಹೆದರಿ ಕೂತುಬಿಡ್ತಾರೆ. ಕೂತಷ್ಟೂ ಕಾಲು ಸೋಲುತ್ತೆ, ಸೋತಷ್ಟೂ ಬೀಳ್ತಾರೆ. ಮಾತಾಡ್ತಾ ನಡೆಯುವಾಗ, ಚೊಂಬು ಹಿಡಿದು ತಿರುಗುವಾಗ, ಅಂದ್ರೆ ಎರಡು ಕೆಲಸ ಒಟ್ಟಿಗೆ ಬಂದಾಗ ಹೆಜ್ಜೆ ತಪ್ಪೋದು ಇನ್ನೂ ಸುಲಭ.

ಕುಣಿತ ಉಪಯೋಗಕ್ಕೆ ಬರೋದು ಇಲ್ಲೇ. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ 65 ದಾಟಿದ 134 ಜನರ ಮೇಲೆ ಒಂದು ಪ್ರಯೋಗ ನಡೀತು. ಪಿಯಾನೋ ತಾಳ ಬದಲಾದಂತೆ ಹೆಜ್ಜೆ ಬದಲಿಸೋ ಪಾಠ, ವಾರಕ್ಕೊಂದು ದಿನ, ಆರು ತಿಂಗಳು. 2011ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ: ಪಾಠಕ್ಕೆ ಹೋಗದವರಿಗೆ ಹೋಲಿಸಿದರೆ ಹೋದವರು ಬಿದ್ದದ್ದು ಅರ್ಧಕ್ಕಿಂತ ಕಡಿಮೆ!

ಹಾಗಂತ ಕುಣಿತ ಮಂತ್ರದಂಡ ಅಲ್ಲ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಹಿರಿಯರ 23 ವಸತಿ ಸಮುಚ್ಚಯಗಳ 530 ಜನರನ್ನು ಸೇರಿಸಿ ಅಧ್ಯಯನ ಮಾಡಿದರು. ಒಂದಷ್ಟು ಕಡೆ ಜೋಡಿ ನೃತ್ಯ, ಜನಪದ ನೃತ್ಯ ಒಂದು ವರ್ಷ ಕಲಿಸಿದರು. 2016ರ ವರದಿ ಪ್ರಕಾರ ಬೀಳೋದು ಕಮ್ಮಿ ಆಗಲಿಲ್ಲ. ಆದರೆ ಸಮತೋಲನದ ವ್ಯಾಯಾಮ, ಕುರ್ಚಿಯಿಂದ ಎದ್ದು ಕೂರುವಂಥ ಅಭ್ಯಾಸ ಮಾಡಿದವರು ಬೀಳೋದು ಸುಮಾರು ಕಾಲು ಭಾಗ ತಗ್ಗುತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಇದೆ. ಹಾಗಾಗಿ ಕುಣಿತದ ಜೊತೆ ಅದೂ ಇರಲಿ.

ಈಗ ನಮ್ಮೂರಿಗೆ ಬನ್ನಿ. ಚಿಕ್ಕಮಗಳೂರು ಜಿಲ್ಲೆ ವೀರಗಾಸೆಯ ನೆಲ. ಅಜ್ಜನಿಗೆ ಆ ರಭಸ ಬೇಡ. ಆದರೆ ಕೋಲಾಟ? ಹಾಡು ಕೇಳಬೇಕು, ಎದುರಿನವರ ಕೋಲಿಗೆ ಹೊಡೀಬೇಕು, ಕಾಲು ಪಕ್ಕಕ್ಕಿಟ್ಟು ತಿರುಗಬೇಕು. ಜಿನೀವಾದವರು ಪಿಯಾನೋ ಇಟ್ಟು ಕಲಿಸಿದ್ದೂ ಹೆಚ್ಚುಕಮ್ಮಿ ಇಂಥದ್ದೇ ಅಲ್ವಾ?

ಶುರು ಮಾಡೋದು ನಿಧಾನಕ್ಕೆ. ಗೋಡೆ ಅಥವಾ ಗಟ್ಟಿ ಕುರ್ಚಿ ಹಿಡಿದು ಪಕ್ಕಕ್ಕೆ ನಾಲ್ಕು ಹೆಜ್ಜೆ, ವಾಪಸ್ ನಾಲ್ಕು. ರೂಢಿಯಾದ ಮೇಲೆ ಕೈಗೆ ಕೋಲು. ನೆಲ ಒಣಗಿರಲಿ, ಜೊತೆಗೊಬ್ಬರಿರಲಿ. ತಲೆಸುತ್ತು ಇರುವವರು, ಹೃದಯದ ತೊಂದರೆ ಇರುವವರು, ಈಗಾಗಲೇ ಬಿದ್ದವರು ಮೊದಲು ಡಾಕ್ಟರನ್ನು ಕೇಳಲಿ. ಬಚ್ಚಲಿಗೆ ಹಿಡಿಕೆ, ರಾತ್ರಿ ಓಡಾಡೋ ದಾರಿಗೆ ದೀಪ, ಇವನ್ನೂ ಮರೀಬೇಡಿ.

"ಈ ವಯಸ್ಸಲ್ಲಿ ಕುಣಿತವಾ?" ಅಂತ ನಗೋ ಮಗನಿಗೆ ಒಂದು ಮಾತು. ಅಮ್ಮನನ್ನ ಸ್ಟ್ರೆಚರ್ ಮೇಲೆ ಹೊತ್ತು ಓಡೋದಕ್ಕಿಂತ, ಸಂಜೆ ಅಂಗಳದಲ್ಲಿ ಅವರ ಎದುರು ಕೋಲು ಹಿಡಿದು ನಿಲ್ಲೋದು ಸುಲಭ ಕಣಪ್ಪ.