ಬಡ ಆರೋಪಿಯ ವಕೀಲರಿಗೆ ಒಡೆಯರು ಯಾರು?

ಸ್ಯಾನ್ ಫ್ರಾನ್ಸಿಸ್ಕೊದ ಪಬ್ಲಿಕ್ ಡಿಫೆಂಡರ್ ಚುನಾವಣೆಯಲ್ಲಿ ಗೆದ್ದು ಬರುವ ಅಧಿಕಾರಿ. ವಕೀಲರನ್ನು ಇಟ್ಟುಕೊಳ್ಳಲು ಹಣವಿಲ್ಲದ ಆರೋಪಿಗಳ ಪರವಾಗಿ ಸರ್ಕಾರದ ಸಂಬಳದಲ್ಲೇ ವಾದಿಸುವ ಕಚೇರಿಗೆ ಇವರು ಮುಖ್ಯಸ್ಥರು. ನ್ಯಾಯಾಲಯದಲ್ಲಿ ಪಬ್ಲಿಕ್ ಪ್ರಾಸಿಕ್ಯೂಟರ್‌ಗೆ ಎದುರಾಗಿ ನಿಲ್ಲುವವರು. ಕ್ಯಾಲಿಫೋರ್ನಿಯದ 58 ಕೌಂಟಿಗಳ ಪೈಕಿ ಈ ಹುದ್ದೆಗೆ ಜನರು ಮತ ಹಾಕುವುದು ಇಲ್ಲಿ ಮಾತ್ರ. ಈ ಒಂದು ಕುರ್ಚಿಯಲ್ಲಿ ಕುಳಿತು ಹೋದವರ ವೃತ್ತಿಜೀವನವನ್ನು ನೋಡಿದರೆ ಇಡೀ ವ್ಯವಸ್ಥೆಯ ಬಲ, ದೌರ್ಬಲ್ಯ ಎರಡೂ ಕಾಣುತ್ತವೆ.

ಇಂಥದೊಂದು ಕಚೇರಿ ಬೇಕೆಂದು ಮೊದಲು ಗಟ್ಟಿ ದನಿಯಲ್ಲಿ ಕೇಳಿದವರು ಕ್ಲಾರಾ ಶಾರ್ಟ್‌ರಿಜ್ ಫೋಲ್ಟ್ಸ್. ಗಂಡ ಬಿಟ್ಟುಹೋದ ಮೇಲೆ ಐದು ಮಕ್ಕಳನ್ನು ಸಾಕುತ್ತಲೇ ಕಾನೂನು ಓದಿ, 1878ರಲ್ಲಿ ಕ್ಯಾಲಿಫೋರ್ನಿಯದ ಮೊದಲ ಮಹಿಳಾ ವಕೀಲೆಯಾದವರು ಅವರು. ದುಡ್ಡಿಲ್ಲದ ಕಕ್ಷಿದಾರರ ಕೇಸುಗಳೇ ಅವರ ಪಾಲಿಗೆ ಹೆಚ್ಚು ಬರುತ್ತಿದ್ದವು. ಅಪರಾಧ ಸಾಬೀತುಪಡಿಸಲು ಸರ್ಕಾರ ವಕೀಲರನ್ನು ಇಟ್ಟುಕೊಳ್ಳುವುದಾದರೆ, ನಿರಪರಾಧಿ ಎಂದು ವಾದಿಸಲೂ ಇಡಬೇಕು ಎಂಬ ಪ್ರಸ್ತಾವವನ್ನು ಅವರು 1893ರಲ್ಲಿ ಷಿಕಾಗೊದ ವಿಶ್ವ ಮೇಳದ ಸಂದರ್ಭದಲ್ಲಿ ನಡೆದ ಕಾನೂನು ಸಮ್ಮೇಳನದಲ್ಲಿ ಮಂಡಿಸಿದರು. ಇಪ್ಪತ್ತು ವರ್ಷಗಳ ಬಳಿಕ ಅದು ಕೈಗೂಡಿತು. ಲಾಸ್ ಏಂಜಲೀಸ್ ಕೌಂಟಿಯಲ್ಲಿ 1914ರ ಜನವರಿಯಲ್ಲಿ ಅಮೆರಿಕದ ಮೊದಲ ಪಬ್ಲಿಕ್ ಡಿಫೆಂಡರ್ ಕಚೇರಿ ಬಾಗಿಲು ತೆರೆಯಿತು. ಅದರ ಮೊದಲ ಮುಖ್ಯಸ್ಥ ವಾಲ್ಟನ್ ವುಡ್ ಚುನಾವಣೆಗೆ ನಿಂತವರಲ್ಲ, ಅರ್ಹತೆಯ ಆಧಾರದ ಮೇಲೆ ನೇಮಕಗೊಂಡವರು. ಮುಂದೆ ಅವರು ನ್ಯಾಯಾಧೀಶರಾಗಿ ಮೇಲ್ಮನವಿ ನ್ಯಾಯಾಲಯದವರೆಗೂ ಏರಿದರು.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಈ ಹುದ್ದೆ ಹುಟ್ಟಿದ್ದು 1921ರಲ್ಲಿ. ಅದನ್ನು ಮೊದಲು ಹಿಡಿದ ಫ್ರಾಂಕ್ ಈಗನ್ ಜನಪ್ರಿಯ ವ್ಯಕ್ತಿ. ಮತದಾರರು ಅವರನ್ನೇ ಮತ್ತೆ ಮತ್ತೆ ಗೆಲ್ಲಿಸಿದರು. 1932ರ ಏಪ್ರಿಲ್ ಕೊನೆಯಲ್ಲಿ ಜೆಸ್ಸಿ ಸ್ಕಾಟ್ ಹ್ಯೂಸ್ ಎಂಬ ವಿಧವೆಯ ಶವ ನಗರದ ಲೇಕ್‌ವುಡ್ ರಸ್ತೆಯಲ್ಲಿ ಸಿಕ್ಕಿತು. ಮೇಲುನೋಟಕ್ಕೆ ಯಾವುದೋ ಕಾರು ಡಿಕ್ಕಿ ಹೊಡೆದು ಪರಾರಿಯಾದಂತೆ ಇತ್ತು. ಪೊಲೀಸರು ಅದನ್ನು ಒಪ್ಪಲಿಲ್ಲ. ಆಕೆಯ ಹಣದ ವ್ಯವಹಾರ ನೋಡಿಕೊಳ್ಳುತ್ತಿದ್ದವರು ಈಗನ್. ಆಕೆ ಸತ್ತರೆ ಲಾಭವಾಗುತ್ತಿದ್ದುದೂ ಅವರಿಗೇ. ತನಿಖೆ ಮುಂದುವರಿದಂತೆ ಹಿಂದೆ ಜೈಲು ಕಂಡಿದ್ದ ಆಲ್ಬರ್ಟ್ ಟಿನ್ನಿನ್ ಮತ್ತು ವರ್ನ್ ಡೊರಾನ್ ಎಂಬಿಬ್ಬರ ಹೆಸರು ಹೊರಬಂತು. ಆಕೆಯನ್ನು ಮನೆಯ ಗ್ಯಾರೇಜಿನಲ್ಲೇ ಕೆಡವಿ, ಮೈಮೇಲೆ ಕಾರು ಹತ್ತಿಸಿ, ಶವವನ್ನು ರಸ್ತೆಗೆ ತಂದು ಹಾಕಲಾಗಿತ್ತು. ಡೊರಾನ್ ಮಾಫಿ ಸಾಕ್ಷಿಯಾಗಿ ಬಾಯಿಬಿಟ್ಟ. ಬಡ ಆರೋಪಿಗಳನ್ನು ಕಾಯಬೇಕಿದ್ದ ಅಧಿಕಾರಿ, ತಾನು ದಿನವೂ ವಾದಿಸುತ್ತಿದ್ದ ನಗರದಲ್ಲೇ ಕೊಲೆ ಆರೋಪಿಯಾಗಿ ಕಟಕಟೆಯಲ್ಲಿ ನಿಂತರು. ಜ್ಯೂರಿ ಅವರನ್ನು ತಪ್ಪಿತಸ್ಥರೆಂದಿತು. ಜೀವಾವಧಿ ಶಿಕ್ಷೆಯಾಯಿತು. ಪೆರೋಲ್ ಮೇಲೆ ಅವರು ಹೊರಬಂದದ್ದು 1957ರಲ್ಲಿ.

ಈ ಪ್ರಕರಣವನ್ನು ಬರಿಯ ಪತ್ತೇದಾರಿ ಕಥೆಯಾಗಿ ಓದಿ ಮರೆಯುವಂತಿಲ್ಲ. ಚುನಾವಣೆಯಿಂದ ಒಳ್ಳೆಯವರೇ ಬರುತ್ತಾರೆ ಎಂಬ ನಂಬಿಕೆಗೆ ಮೊದಲ ಆಯ್ಕೆಯೇ ಪೆಟ್ಟು ಕೊಟ್ಟಿತ್ತು. ಆದರೂ ನಗರ ಆ ಹುದ್ದೆಯನ್ನು ರದ್ದು ಮಾಡಲಿಲ್ಲ, ನೇಮಕ ಪದ್ಧತಿಗೂ ಹೋಗಲಿಲ್ಲ. ಆ ನಿರ್ಧಾರ ಸರಿಯಾಗಿತ್ತು ಎಂಬುದಕ್ಕೆ ಎಪ್ಪತ್ತು ವರ್ಷಗಳ ನಂತರ ಸಾಕ್ಷ್ಯ ದೊರೆಯಿತು.

2001ರಲ್ಲಿ, ಎರಡು ದಶಕಕ್ಕೂ ಹೆಚ್ಚು ಕಾಲ ಹುದ್ದೆಯಲ್ಲಿದ್ದ ಜೆಫ್ ಬ್ರೌನ್ ರಾಜ್ಯದ ಸಾರ್ವಜನಿಕ ಸೇವೆಗಳ ಆಯೋಗಕ್ಕೆ ಹೋದರು. ತೆರವಾದ ಜಾಗಕ್ಕೆ ಮೇಯರ್ ವಿಲ್ಲಿ ಬ್ರೌನ್ ಅವರು ಪ್ರಭಾವಿ ರಾಜಕಾರಣಿ ಜಾನ್ ಬರ್ಟನ್ ಅವರ ಮಗಳು ಕಿಮಿಕೊ ಬರ್ಟನ್ ಅವರನ್ನು ಕೂರಿಸಿದರು. ಕಚೇರಿಯಲ್ಲಿ ಹದಿನೈದು ವರ್ಷ ದುಡಿದು ಎರಡನೆಯ ಸ್ಥಾನಕ್ಕೆ ಬಂದಿದ್ದ ಜೆಫ್ ಅಡಾಚಿ ಕೆಲಸ ಕಳೆದುಕೊಂಡರು. ನೇಮಕವೇ ಕೊನೆಯ ಮಾತಾಗಿದ್ದರೆ ಅವರ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅಡಾಚಿ ಜನರ ಮುಂದೆ ಹೋದರು. 2002ರ ಮಾರ್ಚ್‌ನಲ್ಲಿ ಗೆದ್ದು, ಮರುವರ್ಷ ತಮ್ಮನ್ನು ಹೊರಹಾಕಿದ್ದ ಕಚೇರಿಗೆ ಮುಖ್ಯಸ್ಥರಾಗಿ ಮರಳಿದರು.

ಅಡಾಚಿ 1959ರಲ್ಲಿ ಸ್ಯಾಕ್ರಮೆಂಟೊದಲ್ಲಿ ಹುಟ್ಟಿದವರು. ಎರಡನೇ ಮಹಾಯುದ್ಧದಲ್ಲಿ ಜಪಾನಿ ಮೂಲದವರೆಂಬ ಒಂದೇ ಕಾರಣಕ್ಕೆ, ಯಾವ ವಿಚಾರಣೆಯೂ ಇಲ್ಲದೆ ಅವರ ತಂದೆ ತಾಯಿಯ ಕುಟುಂಬಗಳನ್ನು ಶಿಬಿರಗಳಲ್ಲಿ ಕೂಡಿಹಾಕಲಾಗಿತ್ತು. ಮುಖ್ಯಸ್ಥರಾದ ಮೇಲೂ ಅವರು ತಾವೇ ಕೋರ್ಟಿನಲ್ಲಿ ನಿಂತು ಕೇಸು ನಡೆಸುತ್ತಿದ್ದರು. ಇಷ್ಟು ದೊಡ್ಡ ಕಚೇರಿಯ ಮುಖ್ಯಸ್ಥರು ಹೀಗೆ ಮಾಡುವುದು ಅಪರೂಪ. 2011ರಲ್ಲಿ ಅವರ ಕಚೇರಿ ಬಡವರು ಬಾಡಿಗೆಗಿರುವ ಹಳೆಯ ಹೋಟೆಲುಗಳ ಸಿಸಿ ಕ್ಯಾಮೆರಾ ದೃಶ್ಯಗಳನ್ನು ಹೊರಗಿಟ್ಟಿತು. ಪೊಲೀಸರು ವಾರಂಟ್ ಇಲ್ಲದೆ ಕೋಣೆಗಳಿಗೆ ನುಗ್ಗಿದ್ದು ಅದರಲ್ಲಿ ಕಾಣುತ್ತಿತ್ತು. ಪೊಲೀಸರ ವರದಿ ಹೇಳುತ್ತಿದ್ದುದೇ ಬೇರೆ. ಇದರಿಂದ ಹತ್ತಾರು ಮೊಕದ್ದಮೆಗಳು ಬಿದ್ದುಹೋದವು. ಮೇಯರ್ ಕೃಪೆಯಲ್ಲಿರುವ ಅಧಿಕಾರಿಗೆ ಆ ನಗರದ ಪೊಲೀಸರನ್ನೇ ಹೀಗೆ ಎದುರು ಹಾಕಿಕೊಳ್ಳುವುದು ಕಷ್ಟ. ನೌಕರರ ಪಿಂಚಣಿ ಸುಧಾರಣೆಯ ವಿಷಯದಲ್ಲಿ ಅವರು ಕಾರ್ಮಿಕ ಸಂಘಗಳನ್ನು ಎದುರಿಸಿ ಸೋತರು, 2011ರ ಮೇಯರ್ ಚುನಾವಣೆಯಲ್ಲೂ ಸೋತರು. ಇಷ್ಟಾದರೂ ಪಬ್ಲಿಕ್ ಡಿಫೆಂಡರ್ ಸ್ಥಾನದಿಂದ ಅವರನ್ನು ಯಾರೂ ಅಲುಗಾಡಿಸಲಿಲ್ಲ. 2019ರ ಫೆಬ್ರುವರಿ 22ರಂದು ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ನಂತರ ಬಂದವರು ಭಾರತೀಯ ಮೂಲದ ಮನೋಹರ್ ರಾಜು. ಅದೇ ಕಚೇರಿಯ ವಕೀಲರಾಗಿದ್ದ ಅವರನ್ನು ಮೊದಲು ಮೇಯರ್ ನೇಮಿಸಿದರು, ಅದೇ ವರ್ಷ ಮತದಾರರು ಅನುಮೋದಿಸಿದರು.

ಚುನಾವಣೆಯೊಂದೇ ದಾರಿಯಲ್ಲ. ಬಡ ಆರೋಪಿಗೆ ಸರ್ಕಾರವೇ ವಕೀಲರನ್ನು ಕೊಡಬೇಕೆಂದ 1963ರ ಗಿಡಿಯನ್ ತೀರ್ಪಿನ ಬೆನ್ನಲ್ಲೇ ಫ್ಲಾರಿಡದಲ್ಲೂ ಚುನಾಯಿತ ಡಿಫೆಂಡರ್‌ಗಳು ಬಂದರು. ಆದರೆ ಫೆಡರಲ್ ಡಿಫೆಂಡರ್‌ಗಳನ್ನು ಮೇಲ್ಮನವಿ ನ್ಯಾಯಾಲಯಗಳು ನಾಲ್ಕು ವರ್ಷಕ್ಕೆ ನೇಮಿಸುತ್ತವೆ. ರಾಜಧಾನಿ ವಾಷಿಂಗ್ಟನ್ನಿನಲ್ಲಿ ಸ್ವತಂತ್ರ ಟ್ರಸ್ಟಿ ಮಂಡಳಿಯೊಂದು ಮುಖ್ಯಸ್ಥರನ್ನು ಆರಿಸುತ್ತದೆ. ಅಲ್ಲಿನ ಮೊದಲ ನಿರ್ದೇಶಕಿ ಬಾರ್ಬರಾ ಬ್ಯಾಬ್‌ಕಾಕ್ 1972ರಲ್ಲಿ ಸ್ಟ್ಯಾನ್‌ಫರ್ಡ್ ಕಾನೂನು ಶಾಲೆಯ ಪ್ರಾಧ್ಯಾಪಕಿಯಾದರು, ಕಾರ್ಟರ್ ಸರ್ಕಾರದ ನ್ಯಾಯ ಇಲಾಖೆಯಲ್ಲಿ ದೊಡ್ಡ ಹುದ್ದೆ ನಿರ್ವಹಿಸಿದರು. ಮರೆತುಹೋಗಿದ್ದ ಕ್ಲಾರಾ ಫೋಲ್ಟ್ಸ್ ಅವರ ಜೀವನಚರಿತ್ರೆಯನ್ನು 2011ರಲ್ಲಿ ಪ್ರಕಟಿಸಿದವರೂ ಇವರೇ. ತೂಗಿ ನೋಡಿದರೆ ವಾಷಿಂಗ್ಟನ್ ಮಾದರಿಯೇ ಹೆಚ್ಚು ಭರವಸೆಯದು. ಅಲ್ಲಿ ಮುಖ್ಯಸ್ಥರನ್ನು ಮೇಯರ್ ನೇರವಾಗಿ ನೇಮಿಸುವುದಿಲ್ಲ, ಪ್ರಚಾರದ ಖರ್ಚೂ ಇಲ್ಲ.

ಭಾರತದಲ್ಲಿ ಬಡ ಆರೋಪಿಗೆ ಉಚಿತ ವಕೀಲರು ಸಿಗಬೇಕೆಂದು ಸುಪ್ರೀಂ ಕೋರ್ಟ್ 1979ರ ಹುಸೇನಾರಾ ಖಾತೂನ್ ಪ್ರಕರಣದಲ್ಲೇ ಹೇಳಿತ್ತು. ಆದರೆ ಅದಕ್ಕೆಂದೇ ಪೂರ್ಣಾವಧಿ ಕಚೇರಿಗಳ ಯೋಜನೆಯನ್ನು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ರೂಪಿಸಿದ್ದು 2022ರಲ್ಲಿ. ಕರ್ನಾಟಕದ ಜಿಲ್ಲೆಗಳಲ್ಲೂ ಕಾನೂನು ನೆರವು ಅಭಿರಕ್ಷಕರ ಕಚೇರಿಗಳು ಬಂದಿವೆ. ಮುಖ್ಯ ಅಭಿರಕ್ಷಕರಿಗೆ ಕ್ರಿಮಿನಲ್ ಮೊಕದ್ದಮೆಗಳಲ್ಲಿ ಕನಿಷ್ಠ 10 ವರ್ಷಗಳ ಅನುಭವ ಇರಬೇಕು, ಖಾಸಗಿ ಕೇಸು ಹಿಡಿಯುವಂತಿಲ್ಲ. ಹುದ್ದೆ ಗುತ್ತಿಗೆಯದು. ಆಯ್ಕೆ ಸಮಿತಿಯ ನೇತೃತ್ವ ಜಿಲ್ಲಾ ಪ್ರಧಾನ ನ್ಯಾಯಾಧೀಶರದು, ಅಂದರೆ ಅಭಿರಕ್ಷಕರು ಯಾರ ಮುಂದೆ ವಾದಿಸಬೇಕೋ ಅದೇ ನ್ಯಾಯಾಲಯದ ಹಿರಿಯರದು. ಗುತ್ತಿಗೆ ಮುಂದುವರಿಯುತ್ತದೋ ಇಲ್ಲವೋ ಎಂಬ ಅಳುಕಿನಲ್ಲಿರುವ ವಕೀಲರು ನ್ಯಾಯಾಧೀಶರಿಗೆ ಎದುರು ನಿಂತು ಆಕ್ಷೇಪ ಎತ್ತುವುದು ಸುಲಭವಲ್ಲ. ಈ ಹುದ್ದೆಗೆ ನಿಶ್ಚಿತ ಅವಧಿ, ಸ್ವತಂತ್ರ ಆಯ್ಕೆ ಮಂಡಳಿ ಎರಡನ್ನೂ ಕೊಡುವ ಕೆಲಸ ಇನ್ನೂ ಬಾಕಿ ಇದೆ.