ಎಣ್ಣಿಗಾಯಿಯಲ್ಲಿ ಕಾಯಿ ಎಷ್ಟು, ಎಣ್ಣಿ ಎಷ್ಟು?

ಕೊಲ್ಹಾಪುರ: ಜೋಳದ ರೊಟ್ಟಿ ಜೊತೆ ಬದನಿಕಾಯಿ ಎಣ್ಣಿಗಾಯಿ ಇದ್ದರೆ ಗಡಿಭಾಗದ ಕನ್ನಡ ಮನೆಗಳಲ್ಲಿ ಊಟಕ್ಕೊಂದು ಕಳೆ. ನೆರೆಮನೆಯ ಮರಾಠಿಗರು ಇದನ್ನೇ ‘ಭರಲಿ ವಾಂಗಿ’ ಎನ್ನುತ್ತಾರೆ. ಗಡಹಿಂಗ್ಲಜದ ರೈತರ ಮನೆ ಇರಲಿ, ಇಚಲಕರಂಜಿಯ ನೇಕಾರರ ಮನೆ ಇರಲಿ, ರುಚಿಯ ಗುಟ್ಟು ಒಂದೇ: ಮೇಲೆ ಎಣ್ಣಿ ತೇಲಬೇಕು!

ಸಕ್ಕರೆ ಕಾಯಿಲೆ, ಬಿ.ಪಿ. ಇರುವ ಹಿರಿಯರಿಗೆ ‘ಅಪ್ಪಾ, ಸ್ವಲ್ಪ ಕಡಿಮಿ ಉಣ್ರಿ’ ಎಂದರೆ ‘ಕಾಯಿಪಲ್ಯಾ ತಿಂದ್ರ ಏನಾಗ್ತೈತಿ ಬಿಡವಾ’ ಎಂಬ ಉತ್ತರ ಬರುತ್ತದೆ. ಕಾಯಿಪಲ್ಯದಿಂದ ಏನೂ ಆಗುವುದಿಲ್ಲ, ನಿಜ. ಆದರೆ ತಟ್ಟೆಯಲ್ಲಿ ಇರುವುದು ಬರೀ ಕಾಯಿಪಲ್ಯವೇ?

ನೀರು ಒಂದು, ಕೊಬ್ಬು ಇನ್ನೊಂದು

100 ಗ್ರಾಂ ಬದನೆಕಾಯಿಯಲ್ಲಿ ಸುಮಾರು 92 ಗ್ರಾಂ ನೀರೇ. ಶಕ್ತಿ ಬರೀ 25 ಕ್ಯಾಲರಿ. ನಾರು ಸುಮಾರು 3 ಗ್ರಾಂ, ಪ್ರೋಟೀನ್ 1 ಗ್ರಾಂ, ಜೊತೆಗೆ ಪೊಟ್ಯಾಸಿಯಂ. ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ.

ಅಷ್ಟೇ ತೂಕದ ಶೇಂಗಾ ಎಣ್ಣೆ ಪೂರ್ತಿ ಕೊಬ್ಬು. ಶಕ್ತಿ 880 ಕ್ಯಾಲರಿಗೂ ಹೆಚ್ಚು, ಅಂದರೆ ಬದನೆಯ 35 ಪಟ್ಟು! ನಾರಿಲ್ಲ, ಪ್ರೋಟೀನ್ ಇಲ್ಲ, ‘ಸಿ’ ಜೀವಸತ್ವವೂ ಇಲ್ಲ. ‘ಇ’ ಜೀವಸತ್ವ ಮಾತ್ರ ಚೆನ್ನಾಗಿದೆ. ಗಾಣದ್ದಾದರೂ ಪಾಕೀಟಿನದಾದರೂ ಕ್ಯಾಲರಿ ಅಷ್ಟೇ. ಡಬ್ಬಿಯ ಮೇಲಿನ ‘ಕೊಲೆಸ್ಟ್ರಾಲ್ ಇಲ್ಲ’ ಎಂಬ ಮಾತು ಸುಳ್ಳಲ್ಲ, ಆದರೆ ಹೆಗ್ಗಳಿಕೆಯೂ ಅಲ್ಲ. ಕಾಳಿನಿಂದ ತೆಗೆದ ಯಾವ ಎಣ್ಣೆಯಲ್ಲೂ ಹೇಳಿಕೊಳ್ಳುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ.

ಹಾಗೆಂದು ಎಣ್ಣೆ ವೈರಿಯಲ್ಲ. ಎ, ಡಿ, ಇ, ಕೆ ಜೀವಸತ್ವಗಳು ಮೈಗೆ ಹತ್ತಲು ಕೊಬ್ಬು ಬೇಕು. ಮೆಂತ್ಯ ಪಲ್ಯ, ಗಜ್ಜರಿಗಳಲ್ಲಿನ ಕ್ಯಾರೊಟಿನ್ ಒಂದಿಷ್ಟು ಎಣ್ಣೆ ಜೊತೆಗಿದ್ದರೇ ಚೆನ್ನಾಗಿ ದಕ್ಕುತ್ತದೆ.

ಬದನೆ ಎಂಬ ಸ್ಪಂಜು

ಬದನೆಯ ತಿರುಳಿನ ತುಂಬ ಗಾಳಿಯ ಸಣ್ಣ ಸಣ್ಣ ಗೂಡುಗಳು. ಹಸಿಕಾಯಿ ಬಾಣಲೆಗೆ ಬಿದ್ದರೆ ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಕಾಲು ಕಿಲೋ ಬದನೆಗೆ ಊಟದ ದೊಡ್ಡ ಚಮಚದಿಂದ ನಾಲ್ಕು ಚಮಚ ಎಣ್ಣೆ ಹಾಕಿದರೆ, ಕಾಯಿಯದು ಸುಮಾರು 60 ಕ್ಯಾಲರಿ, ಎಣ್ಣೆಯದು ಸುಮಾರು 500! ಒಳಗೆ ತುಂಬುವ ಶೇಂಗಾ ಪುಡಿಯಲ್ಲೂ ಅರ್ಧದಷ್ಟು ಎಣ್ಣೆಯೇ. ಆದರೆ ಅದರಲ್ಲಿ ಪ್ರೋಟೀನ್ ಇದೆ, ನಾರೂ ಇದೆ.

ಉಪಾಯ ಸರಳ. ಕಾಯಿಯನ್ನು ಸೀಳಿ ಮೊದಲು ಹಬೆಯಲ್ಲಿ ಅರ್ಧ ಬೇಯಿಸಿದರೆ ಗಾಳಿಗೂಡುಗಳು ಕುಸಿಯುತ್ತವೆ. ಆಮೇಲೆ ಮಸಾಲೆ ತುಂಬಿ, ಎರಡು ಚಮಚ ಎಣ್ಣೆಯಲ್ಲಿ, ಮುಚ್ಚಿದ ತಟ್ಟೆಯ ಮೇಲೆ ನೀರಿಟ್ಟು ಸಣ್ಣ ಉರಿಯಲ್ಲಿ ಬೇಯಿಸಬಹುದು. ಶೇಂಗಾ ಪುಡಿಯೇ ತನ್ನ ಎಣ್ಣೆ ಬಿಡುತ್ತದೆ.

ಡಬ್ಬಿಯ ಮೇಲೆ ತಾರೀಖು ಬರೆಯಿರಿ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಂತೆ, 2000 ಕ್ಯಾಲರಿಯ ದಿನದ ಊಟದಲ್ಲಿ ಎಣ್ಣೆ-ತುಪ್ಪ ಎಲ್ಲ ಸೇರಿ 27 ಗ್ರಾಂ ಸಾಕು. ತರಕಾರಿ 400 ಗ್ರಾಂ ಬೇಕು. ನಾಲ್ಕು ದೊಡ್ಡವರ ಮನೆಗೆ ಈ ಲೆಕ್ಕದಲ್ಲಿ ತಿಂಗಳಿಗೆ ಮೂರೂವರೆ ಲೀಟರ್ ಆಯಿತು. ಹೊರಗೆ ತಿನ್ನುವ ಭಜಿ, ವಡಾಪಾವ್, ಮಿಸಳದ ಕಟ್ಟಿನ ಎಣ್ಣೆಯೂ ಇದರೊಳಗೇ ಬರಬೇಕು.

ನಿಮ್ಮ ಮನೆಯಲ್ಲಿ ಎಷ್ಟು ಖರ್ಚಾಗುತ್ತಿದೆ? ಹೊಸ ಡಬ್ಬಿ ತೆರೆದ ದಿನ ಅದರ ಮೇಲೆ ತಾರೀಖು ಬರೆದಿಡಿ. ಉತ್ತರ ತಿಂಗಳೊಳಗೆ ತಾನಾಗಿಯೇ ಸಿಗುತ್ತದೆ. ಎಣ್ಣಿಗಾಯಿ ಬಿಡಬೇಕಾಗಿಲ್ಲ, ಎಣ್ಣಿ ಬಿಡುವ ಕೈ ಸ್ವಲ್ಪ ಹಿಡಿದರೆ ಸಾಕು.