ಬೋರ್ಡು ಬದಲಿಸಿದರೆ ಸಾಲದು

ಪರವಾನಗಿ ಎಂದೊಡನೆ ವಾಹನ ವ್ಯಾಪಾರಿಗಳು ಮೊದಲು ನೋಡುವುದು ಅದರ ಕೊನೆಯ ದಿನಾಂಕವನ್ನು. ಅದು ದೂರವಿದ್ದರೆ ನಿಶ್ಚಿಂತೆ. ಆದರೆ ಯಾರು, ಎಲ್ಲಿ, ಯಾವ ವಾಹನದ ವ್ಯಾಪಾರ ಮಾಡುತ್ತಾರೆ ಎಂಬುದೂ ಆ ಕಾಗದದಲ್ಲಿದೆ. ಇವುಗಳಲ್ಲಿ ಒಂದು ಬದಲಾದರೂ ಅವಧಿ ಉಳಿದಿರುವ ಪರವಾನಗಿಯೇ ಉಪಯೋಗಕ್ಕೆ ಬಾರದೆ ಹೋಗಬಹುದು.

ಕೆಂಪು ನಂಬರ್ ಪ್ಲೇಟಿನ ಹಿಂದಿನ ಕಾಗದ

ನೋಂದಣಿಯಾಗದ ವಾಹನ ರಸ್ತೆಗಿಳಿಯಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 39ನೇ ಕಲಂ. ಡೀಲರ್ ಬಳಿಯಿರುವ ಹೊಸ ವಾಹನಕ್ಕೆ ಇದರಿಂದ ವಿನಾಯಿತಿ ಕೊಡಿಸುವುದು ಟ್ರೇಡ್ ಸರ್ಟಿಫಿಕೇಟು. ಕೆಂಪು ಪ್ಲೇಟಿನ ಮೇಲೆ ಬಿಳಿ ಅಕ್ಷರದಲ್ಲಿ ‘ಟಿಸಿ’ ಸಂಖ್ಯೆ ಬರೆದುಕೊಂಡು ಟೆಸ್ಟ್ ಡ್ರೈವಿಗೆ ಹೊರಡುವ ಬೈಕಿಗೆ ಇದೇ ಆಧಾರ. ಮೊದಲು ಇದರ ಅವಧಿ 12 ತಿಂಗಳಿತ್ತು. 2022ರ ನವೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಅದನ್ನು 5 ವರ್ಷಕ್ಕೆ ಏರಿಸಿತು. ಅರ್ಜಿಯನ್ನು ‘ವಾಹನ್’ ಪೋರ್ಟಲಿಗೆ ತಂದಿತು. ಜೊತೆಗೆ ಕಂಪನಿ ಕೊಡುವ ಡೀಲರ್‌ಶಿಪ್ ಅಧಿಕಾರಪತ್ರಕ್ಕೂ ಇದಕ್ಕೂ ಗಂಟು ಹಾಕಿತು. ಡೀಲರ್‌ಶಿಪ್ ಕೈತಪ್ಪಿದರೆ 5 ವರ್ಷದ ಲೆಕ್ಕವೂ ಅಲ್ಲಿಗೇ ಮುಗಿಯುತ್ತದೆ.

ಅಪ್ಪನ ಅಂಗಡಿ, ಮಕ್ಕಳ ಪಾಲುದಾರಿಕೆ

ತುಮಕೂರಿನಲ್ಲಿ ಒಬ್ಬರು ತಮ್ಮ ಹೆಸರಿನಲ್ಲಿ ದ್ವಿಚಕ್ರ ವಾಹನದ ಷೋರೂಮ್ ನಡೆಸುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಮಕ್ಕಳಿಬ್ಬರೂ ಸೇರಿಕೊಂಡು ಅದು ಪಾಲುದಾರಿಕೆ ಸಂಸ್ಥೆಯಾಗುತ್ತದೆ. ಬೋರ್ಡು ಅದೇ, ಗಿರಾಕಿಗಳೂ ಅವರೇ. ಆದರೆ ತೆರಿಗೆಯ ಕಣ್ಣಿಗೆ ಇದು ಬೇರೆಯೇ ವ್ಯಕ್ತಿ: ಪ್ಯಾನ್ ಹೊಸದು, ಆದ್ದರಿಂದ ಜಿಎಸ್‌ಟಿ ನೋಂದಣಿಯೂ ಹೊಸದಾಗಿಯೇ ಆಗಬೇಕು. ಹಳೆಯದಕ್ಕೆ ತಿದ್ದುಪಡಿ ಹಾಕಿದರೆ ನಡೆಯದು. ಟ್ರೇಡ್ ಸರ್ಟಿಫಿಕೇಟನ್ನಂತೂ ಪಡೆದವರು ಬೇರೊಬ್ಬರಿಗೆ ಬಳಸಲು ಕೊಡುವಂತಿಲ್ಲ. ಅವರ ನೌಕರರು ಅವರ ಕೆಲಸಕ್ಕೆ ಓಡಿಸಬಹುದು, ಅಷ್ಟೆ.

ಇಲ್ಲಿ ಕೆಲಸದ ಸರದಿ ಮುಖ್ಯ. ಮೊದಲು ಪಾಲುದಾರಿಕೆ ಪತ್ರ ಮತ್ತು ಪ್ಯಾನ್, ಆಮೇಲೆ ಕಂಪನಿಯಿಂದ ಹೊಸ ಹೆಸರಿಗೆ ಅಧಿಕಾರಪತ್ರ, ಹೊಸ ಜಿಎಸ್‌ಟಿ, ಕೊನೆಗೆ ಟ್ರೇಡ್ ಸರ್ಟಿಫಿಕೇಟು. ಆತುರಪಟ್ಟು ಹಳೆಯ ಜಿಎಸ್‌ಟಿಯನ್ನು ಮೊದಲೇ ರದ್ದು ಮಾಡಿಸಿದವರು ಪೇಚಿಗೆ ಸಿಲುಕುತ್ತಾರೆ. ಸ್ಟಾಕಿನಲ್ಲಿರುವ ಬೈಕುಗಳ ಮೇಲೆ ಕಟ್ಟಿದ ತೆರಿಗೆಯ ಜಮೆ ಹೊಸ ಖಾತೆಗೆ ಹೋಗಬೇಕಾದರೆ ಹಳೆಯ ಖಾತೆಯಿಂದ ‘ಐಟಿಸಿ-02’ ನಮೂನೆ ಸಲ್ಲಿಸಿ, ಹೊಸ ಖಾತೆಯವರು ಅದನ್ನು ಒಪ್ಪಿಕೊಳ್ಳಬೇಕು.

ಜಾಗ ಬದಲಾದಾಗ

ಮಾಲೀಕರು ಅವರೇ ಇದ್ದು ವಿಳಾಸ ಮಾತ್ರ ಬದಲಾದರೆ ಕೆಲಸ ಹಗುರ. ಬದಲಾದ 15 ದಿನದೊಳಗೆ ಜಿಎಸ್‌ಟಿ ಪೋರ್ಟಲಿನಲ್ಲಿ ‘ರೆಜ್-14’ ಅರ್ಜಿ ಹಾಕಬೇಕು. ಹೊಸ ಶಾಖೆ ತೆರೆದಾಗಲೂ ಇದೇ ಗಡುವು. ಟ್ರೇಡ್ ಸರ್ಟಿಫಿಕೇಟನ್ನು ಕೊಡುವುದು ಅಂಗಡಿಯಿರುವ ಪ್ರದೇಶದ ಆರ್‌ಟಿಒ. ಹಾಗಾಗಿ ಷೋರೂಮ್ ಇನ್ನೊಂದು ಆರ್‌ಟಿಒ ವ್ಯಾಪ್ತಿಗೆ ಹೋದರೆ ಅಲ್ಲಿನ ಕಚೇರಿಯಲ್ಲಿ ವ್ಯವಹರಿಸಬೇಕು. ಪಾಲಿಕೆಯ ಟ್ರೇಡ್ ಲೈಸೆನ್ಸು ಬೇರೆ ಇಲಾಖೆಯದು. ಒಂದು ಕಡೆ ತಿಳಿಸಿದ್ದು ಇನ್ನೊಂದು ಕಡೆಗೆ ತಾನಾಗಿ ತಲುಪುವುದಿಲ್ಲ.

ಹಳೇ ವಾಹನದ ವ್ಯಾಪಾರಿಗಳು

2023ರ ಏಪ್ರಿಲ್ 1ರಿಂದ ಸೆಕೆಂಡ್ ಹ್ಯಾಂಡ್ ವಾಹನ ಮಾರುವವರಿಗೂ 5 ವರ್ಷದ ಅಧಿಕಾರಪತ್ರದ ನಿಯಮ ಬಂದಿದೆ. ಮಾಲೀಕ ತನ್ನ ಕಾರನ್ನು ಡೀಲರ್ ಕೈಗೆ ಒಪ್ಪಿಸಿ ಪೋರ್ಟಲಿನಲ್ಲಿ ತಿಳಿಸಿದ ಮೇಲೆ ಆ ಕಾರಿನ ಹೊಣೆ ಡೀಲರಿನದು. ಸಂಸ್ಥೆಯ ರೂಪ ಬದಲಿಸುವ ಮುನ್ನ ಅಂಗಳದಲ್ಲಿರುವ ಒಂದೊಂದು ಕಾರೂ ಯಾರ ಲೆಕ್ಕದಲ್ಲಿದೆ ಎಂದು ಪಟ್ಟಿ ಮಾಡಿಕೊಳ್ಳುವುದು ಜಾಣತನ.

ತಡ ಮಾಡಿದರೆ?

ಹಳೆಯ ಟ್ರೇಡ್ ಸರ್ಟಿಫಿಕೇಟಿನ ಮೇಲೆಯೇ ಹೊಸ ಸಂಸ್ಥೆಯ ವಾಹನ ರಸ್ತೆಗಿಳಿದರೆ ಅದು ನೋಂದಣಿಯಿಲ್ಲದ ವಾಹನವಾಗಿಬಿಡಬಹುದು. ಅಂಥದ್ದನ್ನು ಓಡಿಸಿದ್ದಕ್ಕೆ ಮೊದಲ ಸಲ 2,000ದಿಂದ 5,000 ರೂಪಾಯಿವರೆಗೆ ದಂಡ. ಅದನ್ನು ಹೇಗೋ ಕಟ್ಟಬಹುದು. ದೊಡ್ಡ ಪೆಟ್ಟು ವಿಮೆಯಲ್ಲಿ. ತಾತ್ಕಾಲಿಕ ನೋಂದಣಿ ಮುಗಿದಿದ್ದ ಹೊಸ ವಾಹನವೊಂದು ಕಳವಾದಾಗ, ವಿಮಾ ಕಂಪನಿ ಪರಿಹಾರ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ತೀರ್ಪಿತ್ತಿತು. ಹೊಸ ಟ್ರೇಡ್ ಸರ್ಟಿಫಿಕೇಟು ಕೈಗೆ ಬರುವವರೆಗೆ ಟೆಸ್ಟ್ ಡ್ರೈವ್ ನಿಲ್ಲಿಸಿದರೆ ನಾಲ್ಕಾರು ಗಿರಾಕಿ ತಪ್ಪಬಹುದು. ನಷ್ಟ ಅಲ್ಲಿಗೇ ನಿಲ್ಲುತ್ತದೆ.